ಹೆಬ್ಬೆರಳಿನ ಬುಡದ ಕೀಲು ಸವೆದಾಗ: ಯಾವ ಆಪರೇಷನ್, ಯಾರಿಗೆ, ಯಾವಾಗ

ಬೇಲೂರು ಕಡೆಯ ಹೆಂಗಸೊಬ್ಬರು ನನ್ನ ಮುಂದೆ ಕೂತು ಬಲಗೈ ಚಾಚಿದರು. ‘ಎರಡು ಹಸು ಅವೆ ಕಣಮ್ಮ. ಹೆಬ್ಬೆಟ್ಟು ಊರಿದ್ರೆ ಜೀವ ಹೋದಂಗಾಗ್ತದೆ. ಬೆಳಿಗ್ಗೆ ಕರೆಯೋ ಹೊತ್ತಿಗೆ ಕಣ್ಣಲ್ಲಿ ನೀರು.’ ಎರಡು ವರ್ಷ ಎಣ್ಣೆ ತಿಕ್ಕಿದ್ದರು, ನೋವಿನ ಮಾತ್ರೆ ನುಂಗಿದ್ದರು. ಆಪರೇಷನ್ ಮಾಡಿಸಿ ಎಂದು ಒಬ್ಬರು, ಮಾಡಿಸಿದರೆ ಕೈಯೇ ಹೋಗುತ್ತದೆ ಎಂದು ಇನ್ನೊಬ್ಬರು. ಯಾವ ಆಪರೇಷನ್ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಹಾಸನದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕತ್ತಿ ಹಿಡಿಯುವವರು ಬೇರೆ. ಆದರೆ ಆಪರೇಷನ್ ಆದ ಕೈಗಳು ತಿಂಗಳುಗಟ್ಟಲೆ ನನ್ನ ಕೈಯಲ್ಲಿರುತ್ತವೆ, ಯಾವುದು ಯಾರಿಗೆ ಒಗ್ಗಿತು ಎಂಬುದು ಕಾಣುತ್ತದೆ. ಅದನ್ನು ನೋಡಿ ನನಗೆ ಗಟ್ಟಿಯಾದ ಮಾತು ಒಂದೇ: ಎಕ್ಸ್‌ರೇ ನೋಡಿ ಆಪರೇಷನ್ ಆರಿಸುವುದಲ್ಲ, ನಾಳೆ ಆ ಕೈ ಏನು ಕೆಲಸ ಮಾಡಬೇಕು ಎಂಬುದನ್ನು ನೋಡಿ ಆರಿಸಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿ.

ಹೆಜ್ಜೆ 1: ನೋವು ಈ ಕೀಲಿನದೇ ಎಂದು ಖಚಿತ ಮಾಡಿಕೊಳ್ಳಿ

ಹೆಬ್ಬೆರಳು ಮಣಿಕಟ್ಟಿಗೆ ಸೇರುವ ಜಾಗದಲ್ಲಿ ಟ್ರಪೀಜಿಯಂ ಎಂಬ ಸಣ್ಣ ಮೂಳೆ ಇದೆ. ಅದರ ಮೇಲೆ ಹೆಬ್ಬೆರಳಿನ ಉದ್ದ ಮೂಳೆ ಕುದುರೆಯ ಜೀನಿನ ಮೇಲೆ ಸವಾರ ಕೂತ ಹಾಗೆ ಕೂತಿರುತ್ತದೆ. ಹಾಗೆ ಕೂತಿರುವುದರಿಂದಲೇ ಹೆಬ್ಬೆರಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಭಾರವೆಲ್ಲ ಅಲ್ಲಿಗೇ ಬೀಳುವುದೂ ಅದರಿಂದಲೇ. ಬೆರಳ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ ಎಂದು 1977ರಲ್ಲೇ ಲೆಕ್ಕ ಹಾಕಿದ್ದಾರೆ. ಒಂದೊಂದೇ ಕಾಫಿ ಹಣ್ಣು ಬಿಡಿಸುವ ಕೈ, ದಿನಕ್ಕೆರಡು ಹೊತ್ತು ಕೆಚ್ಚಲು ಹಿಂಡುವ ಕೈ ಎಷ್ಟು ಭಾರ ಹೊತ್ತಿರಬಹುದು ಎಂದು ಇದರಿಂದ ಅಂದಾಜು ಮಾಡಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಸವೆತ ಹೆಚ್ಚು. ಬೈಕಿನಿಂದ ಬಿದ್ದು ಹೆಬ್ಬೆರಳಿನ ಬುಡ ಮುರಿದು, ಮೂಳೆ ಸರಿಯಾಗಿ ಕೂರದೆ ಹೋದ ಗಂಡಸರಲ್ಲಿ ಚಿಕ್ಕ ವಯಸ್ಸಿಗೇ ಬರುತ್ತದೆ.

ಬೀಗ ತಿರುಗಿಸುವಾಗ, ಬಾಟಲಿ ಮುಚ್ಚಳ ತೆಗೆಯುವಾಗ, ಬಟ್ಟೆ ಹಿಂಡುವಾಗ ಹೆಬ್ಬೆರಳಿನ ಬುಡದ ಉಬ್ಬಿನ ಹತ್ತಿರ ನೋವು ಬಂದರೆ ಈ ಕೀಲಿನ ಮೇಲೆ ಅನುಮಾನ ಪಡಬೇಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದಾಗ ಮಣಿಕಟ್ಟಿನ ಪಕ್ಕದಲ್ಲಿ ಚಳಕು ಹೊಡೆದರೆ ಅದು ಹೆಚ್ಚಾಗಿ ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯ) ಉರಿಯೂತ, ಇದಲ್ಲ. ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಡಿಸಿಕೊಂಡರೆ ಅದೂ ಬೇರೆ. ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸವೆತದ ಜೊತೆಗೇ ಅದೂ ಇರುವುದುಂಟು, ಆದ್ದರಿಂದ ಡಾಕ್ಟರಿಗೆ ಮರೆಯದೆ ಹೇಳಿ. ಎರಡೂ ಇದ್ದರೆ ಒಂದೇ ಸಲಕ್ಕೆ ಸರಿಪಡಿಸಬಹುದು.

ಎಕ್ಸ್‌ರೇ ತೆಗೆಸುವಾಗ ಇಡೀ ಕೈಯದು ಮಾತ್ರ ಸಾಲದು. ತೋಳನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಹೆಬ್ಬೆರಳಿನ ಬೆನ್ನು ಪ್ಲೇಟಿಗೆ ತಾಗುವಂತೆ ಇಟ್ಟು ತೆಗೆದರೆ ಈ ಕೀಲು ಸ್ಪಷ್ಟವಾಗಿ ಕಾಣುತ್ತದೆ. ಫಿಲ್ಮ್ ನೋಡಿ ನಾಲ್ಕು ಹಂತಗಳಲ್ಲಿ ಒಂದನ್ನು ಹೇಳುತ್ತಾರೆ. ಮೊದಲ ಹಂತದಲ್ಲಿ ಮೂಳೆಗಳು ಹೆಚ್ಚು ಕಡಿಮೆ ಚೆನ್ನಾಗಿಯೇ ಇರುತ್ತವೆ, ಅವುಗಳನ್ನು ಹಿಡಿದಿಡುವ ಕಟ್ಟು ಸಡಿಲವಾಗಿರುತ್ತದೆ ಅಷ್ಟೆ. ಎರಡು, ಮೂರರಲ್ಲಿ ಸಂದು ಕಿರಿದಾಗಿ ಅಂಚಿನಲ್ಲಿ ಮೂಳೆ ಬೆಳೆದಿರುತ್ತದೆ. ನಾಲ್ಕರಲ್ಲಿ ಟ್ರಪೀಜಿಯಂನ ಕೆಳಗಿನ ಕೀಲೂ ಸವೆದಿರುತ್ತದೆ. ‘ನಾಲ್ಕನೇ ಹಂತವಂತೆ’ ಎಂದು ಹೆದರಿ ಬರುವವರಿಗೆ ನಾನು ಹೇಳುವುದು ಇಷ್ಟು: ಫಿಲ್ಮಿನಲ್ಲಿ ಪೂರ್ತಿ ಸವೆದ ಕೀಲು ಇಟ್ಟುಕೊಂಡು ನೋವಿಲ್ಲದೆ ಮುದ್ದೆ ತೊಳೆಸುವವರಿದ್ದಾರೆ. ಆಪರೇಷನ್ ಮಾಡುವುದು ನೋವಿಗೆ, ಫಿಲ್ಮಿಗಲ್ಲ.

ಹೆಜ್ಜೆ 2: ಆಪರೇಷನ್ ಇಲ್ಲದ ದಾರಿಯನ್ನು ಪ್ರಾಮಾಣಿಕವಾಗಿ ನಡೆದು ನೋಡಿ

‘ಎಲ್ಲ ಮಾಡಿ ಆಯ್ತು’ ಎನ್ನುವವರಲ್ಲಿ ಬಹಳ ಮಂದಿ ಮಾಡಿರುವುದು ಮಾತ್ರೆ ಮತ್ತು ತಿಕ್ಕುವ ಎಣ್ಣೆ. ಹೆಬ್ಬೆರಳಿನ ಬುಡವನ್ನು ಹಿಡಿದಿಡುವ ಸ್ಪ್ಲಿಂಟ್ ಅನ್ನು ಕೆಲಸದ ಹೊತ್ತಿನಲ್ಲಿ ಕಡೇಪಕ್ಷ ಎರಡು–ಮೂರು ತಿಂಗಳು ಹಾಕಬೇಕು. ಜೊತೆಗೆ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ನೋವಿನ ಜಾಗಕ್ಕೆ ಹಚ್ಚುವ ಜೆಲ್. ಸವೆದ ಮೃದ್ವಸ್ಥಿ (ಕೀಲಿನೊಳಗೆ ಮೂಳೆಯ ತುದಿಗಿರುವ ನುಣುಪು ಹೊದಿಕೆ) ಎಳೆಯುವುದರಿಂದಲೋ ಗಟ್ಟಿಯಾಗಿ ನೀವುವುದರಿಂದಲೋ ಮರಳಿ ಬರುವುದಿಲ್ಲ. ಇರುವ ಕಟ್ಟೂ ಸಡಿಲವಾಗುತ್ತದೆ.

ಹಾಲು ಕರೆಯುವವರು ಒಂದು ವಿಷಯ ಗಮನಿಸಿ. ನಮ್ಮ ಕಡೆ ಬಹಳ ಜನ ಹೆಬ್ಬೆರಳನ್ನು ಮಡಚಿ, ಅದರ ಗೆಣ್ಣನ್ನು ಮೊಲೆತೊಟ್ಟಿಗೆ ಒತ್ತಿ ಕರೆಯುತ್ತಾರೆ. ಹಸುವಿನ ತೊಟ್ಟಿಗೂ ಅದು ಕೇಡು, ಹೆಬ್ಬೆರಳಿನ ಬುಡಕ್ಕೂ ಕೇಡು. ಇಡೀ ಮುಷ್ಟಿಯಲ್ಲಿ ತೊಟ್ಟನ್ನು ಹಿಡಿದು, ಮೇಲಿನ ಬೆರಳಿನಿಂದ ಕೆಳಗಿನ ಬೆರಳಿಗೆ ಸರದಿಯಲ್ಲಿ ಹಿಂಡುವುದನ್ನು ರೂಢಿ ಮಾಡಿಕೊಂಡರೆ ಕೆಲವರಿಗೆ ಅಷ್ಟರಿಂದಲೇ ನೋವು ಅರ್ಧ ಇಳಿದದ್ದನ್ನು ನೋಡಿದ್ದೇನೆ.

ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಆರಾಮ ಸಿಗುತ್ತದೆ. ಆದರೆ ಇಂಜೆಕ್ಷನ್ ಆದ ಕೂಡಲೇ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಹೆಚ್ಚು. ಸಾಮಾನ್ಯವಾಗಿ ಮೂರು ತಿಂಗಳ ಅಂತರ ಕೇಳುತ್ತಾರೆ. ಯಾವ ತಾರೀಕಿಗೆ ಚುಚ್ಚಿಸಿಕೊಂಡಿರಿ ಎಂಬ ಚೀಟಿ ಜೋಪಾನವಾಗಿಡಿ.

ಇಷ್ಟೆಲ್ಲ ಆದ ಮೇಲೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಅನ್ನ ಕಲಸುವುದಕ್ಕೂ ಕೈ ಬರದಿದ್ದರೆ ಆಪರೇಷನ್ನಿನ ಮಾತಿಗೆ ಹೊತ್ತಾಗಿದೆ.

ಹೆಜ್ಜೆ 3: ನಿಮ್ಮ ಕೈಯ ಕೆಲಸವನ್ನು ಬರೆದುಕೊಂಡು ಹೋಗಿ

ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಕೈ ರೂಢಿ, ದಿನಾ ಏನೇನು ಹಿಡಿಯುತ್ತೀರಿ, ಯಾವುದನ್ನು ಬಿಡಲು ಸಾಧ್ಯವೇ ಇಲ್ಲ. ‘ಕೂಲಿ ಕೆಲಸ’ ಎಂದಷ್ಟೇ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮರಗಸಿಯಲ್ಲಿ (ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸದಲ್ಲಿ) ಕತ್ತಿ ಬೀಸುವವರ ಕೈಗೆ ಬೇಕಾದದ್ದು ಗಟ್ಟಿ ಹಿಡಿತ. ಹಣ್ಣು ಬಿಡಿಸುವವರಿಗೆ, ಹೊಲಿಗೆಯವರಿಗೆ ಬೇಕಾದದ್ದು ಬೆರಳು ಸರಾಗವಾಗಿ ತಿರುಗುವುದು. ಅಕ್ಕಿರೊಟ್ಟಿ ತಟ್ಟುವವರಿಗೆ ಅಂಗೈ ಚಪ್ಪಟೆಯಾಗಬೇಕು. ಒಂದೊಂದಕ್ಕೂ ಉತ್ತರ ಬೇರೆ.

ಹೆಜ್ಜೆ 4: ಆಪರೇಷನ್‌ಗಳನ್ನು ಅರ್ಥ ಮಾಡಿಕೊಳ್ಳಿ

ಮೃದ್ವಸ್ಥಿ ಇನ್ನೂ ಉಳಿದಿರುವ ಮೊದಲ ಹಂತಗಳಿಗೆ ಕೀಲನ್ನು ಉಳಿಸುವ ಆಪರೇಷನ್‌ಗಳಿವೆ. ಸಡಿಲವಾದ ಕಟ್ಟನ್ನು ಮುಂಗೈಯ ಸ್ನಾಯುರಜ್ಜಿನ ಒಂದು ಎಳೆಯಿಂದ ಮತ್ತೆ ಕಟ್ಟುವುದು ಒಂದು. ಹೆಬ್ಬೆರಳಿನ ಉದ್ದ ಮೂಳೆಯ ಬುಡದಲ್ಲಿ ಸಣ್ಣ ಬೆಣೆಯಾಕಾರದ ತುಂಡು ತೆಗೆದು, ಭಾರ ಸವೆಯದ ಭಾಗಕ್ಕೆ ಬೀಳುವಂತೆ ವಾಲಿಸುವುದು ಇನ್ನೊಂದು. ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಒಳಗೆ ಶುಚಿ ಮಾಡುವುದು, ನೋವಿನ ಸುದ್ದಿ ಒಯ್ಯುವ ಎಳೆನರಗಳನ್ನು ಮಾತ್ರ ಕತ್ತರಿಸುವುದು, ಇವೂ ಇವೆ. ನಮ್ಮಲ್ಲಿ ಜನ ಡಾಕ್ಟರ ಬಳಿ ಬರುವ ಹೊತ್ತಿಗೆ ಈ ಹಂತ ದಾಟಿರುತ್ತದೆ, ಹಾಗಾಗಿ ಇವುಗಳ ಮಾತು ಇಷ್ಟು ಸಾಕು.

ಟ್ರಪೀಜಿಯಂ ಮೂಳೆಯನ್ನೇ ತೆಗೆಯುವುದು ಹೆಚ್ಚು ಬಳಕೆಯಲ್ಲಿರುವ ಆಪರೇಷನ್. ಕೇಳಿದ ಕೂಡಲೇ ಎಲ್ಲರೂ ಕೇಳುವುದು, ‘ಮೂಳೆ ತೆಗೆದ್ರೆ ಬೆರಳು ಜೋತು ಬೀಳಲ್ವಾ?’ ಬೀಳುವುದಿಲ್ಲ. ಮೂಳೆಗೆ ಮೂಳೆ ಉಜ್ಜುವುದು ನಿಂತು, ಆ ಖಾಲಿ ಜಾಗದಲ್ಲಿ ಗಟ್ಟಿ ಗಾಯದ ಅಂಗಾಂಶ ಬೆಳೆದು ಬೆರಳನ್ನು ಹಿಡಿದುಕೊಳ್ಳುತ್ತದೆ. 1949ರಲ್ಲಿ ಇಂಗ್ಲೆಂಡಿನ ಗರ್ವಿಸ್ ಎಂಬ ಶಸ್ತ್ರಚಿಕಿತ್ಸಕರು ಇದನ್ನು ಪ್ರಕಟಿಸಿದರು. ಇಷ್ಟು ವರ್ಷಗಳ ಪರೀಕ್ಷೆಯಲ್ಲಿ ನಿಂತ ಆಪರೇಷನ್ ಇದು. ಬೆರಳು ಸ್ವಲ್ಪ ಗಿಡ್ಡವಾಗುತ್ತದೆ. ನೋವು ಹೋಗುವುದು ಬಹುಪಾಲು ಖಚಿತ, ಬಲ ಬರುವುದು ನಿಧಾನ.

ಉದ್ದ ಮೂಳೆ ಆ ಖಾಲಿ ಜಾಗಕ್ಕೆ ಕುಸಿದರೆ ಏನು ಗತಿ ಎಂಬ ಚಿಂತೆಯಿಂದ ಇನ್ನೊಂದು ರೂಪ ಬಂತು. ಮಣಿಕಟ್ಟು ಬಗ್ಗಿಸುವ ಸ್ನಾಯುರಜ್ಜಿನ ಒಂದು ಸೀಳನ್ನು ತೆಗೆದು, ಅದರಿಂದ ಹೆಬ್ಬೆರಳಿನ ಬುಡಕ್ಕೆ ಕಟ್ಟು ಹಾಕಿ, ಉಳಿದದ್ದನ್ನು ಸುರುಳಿ ಸುತ್ತಿ ಖಾಲಿ ಜಾಗಕ್ಕೆ ಇಡುತ್ತಾರೆ. (ಊರಲ್ಲಿ ‘ನರ’ ಎಂದು ಕರೆಯುವುದು ಬಹಳ ಸಲ ಈ ಸ್ನಾಯುರಜ್ಜನ್ನೇ. ‘ನರ ತೆಗೀತಾರಂತೆ, ಕೈ ಜೋಮು ಹಿಡಿಯುತ್ತೆ’ ಎಂದು ಹೆದರಬೇಕಿಲ್ಲ, ಸ್ಪರ್ಶ ತಿಳಿಸುವ ನರ ಬೇರೆ.) 1986ರಲ್ಲಿ ಅಮೆರಿಕದ ಬರ್ಟನ್ ಮತ್ತು ಪೆಲೆಗ್ರಿನಿ ಈ ಕ್ರಮವನ್ನು ವಿವರಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಸ್ನಾಯುರಜ್ಜಿನ ಬದಲು ಗಟ್ಟಿ ದಾರ ಮತ್ತು ಲೋಹದ ಪುಟ್ಟ ಗುಂಡಿಗಳಿಂದ ತೂಗುಹಾಕುವುದೂ ಇದೆ, ಅದಕ್ಕೆ ಸಾಮಗ್ರಿಯ ಖರ್ಚು ಹೆಚ್ಚು.

ಹಾಗಾದರೆ ಬರೀ ಮೂಳೆ ತೆಗೆಯುವುದೋ, ಕಟ್ಟನ್ನೂ ಹಾಕುವುದೋ? ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೋವಿನಲ್ಲಾಗಲಿ ಕೈಯ ಬಳಕೆಯಲ್ಲಾಗಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ಕಂಡಿಲ್ಲ. ಹೆಚ್ಚು ಕೆಲಸ ಮಾಡಿದಷ್ಟೂ ಸಣ್ಣಪುಟ್ಟ ತೊಂದರೆ ಹೆಚ್ಚಬಹುದು ಅಷ್ಟೆ. ಆದ್ದರಿಂದ ನಿಮ್ಮ ಡಾಕ್ಟರು ‘ಬರೀ ಮೂಳೆ ತೆಗೀತೀನಿ’ ಎಂದರೆ ಕಡಿಮೆ ಆಪರೇಷನ್ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಅವರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನು ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕೀಲನ್ನು ಬೆಸೆಯುವುದು ಬೇರೆಯೇ ದಾರಿ. ಸವೆದ ಎರಡು ಮುಖಗಳನ್ನು ತೆಗೆದು, ತಂತಿ, ಸ್ಕ್ರೂ ಅಥವಾ ಪ್ಲೇಟಿನಿಂದ ಎರಡು ಮೂಳೆಗಳನ್ನು ಒಂದೇ ಮೂಳೆಯಾಗಿ ಕೂಡಿಸುತ್ತಾರೆ. ಚಲನೆ ಹೋಗುತ್ತದೆ, ಬಲ ಉಳಿಯುತ್ತದೆ. ನಲವತ್ತರ ಒಳಗಿನ, ಏಟು ಬಿದ್ದು ಕೀಲು ಕೆಟ್ಟ, ಕತ್ತಿ, ಗುದ್ದಲಿ, ಸ್ಪ್ಯಾನರ್ ಹಿಡಿದು ದುಡಿಯುವವರಿಗೆ ಇದನ್ನು ಯೋಚಿಸುತ್ತಾರೆ. ಬೆಸೆದ ಮೇಲೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲು ಆಗುವುದಿಲ್ಲ, ಇಕ್ಕಟ್ಟಾದ ಜಾಗಕ್ಕೆ ಕೈ ತೂರಿಸುವುದು ಕಷ್ಟ. ರೊಟ್ಟಿ ತಟ್ಟುವ ಹೆಂಗಸಿಗೆ ಇದನ್ನು ಮಾಡಿದರೆ ನೋವು ಹೋದರೂ ಅವರು ಖುಷಿಯಾಗಿರುವುದಿಲ್ಲ. ಕೆಲವರಲ್ಲಿ ಮೂಳೆ ಕೂಡಿಕೊಳ್ಳದೆ ಮತ್ತೆ ಆಪರೇಷನ್ ಬೇಕಾಗುತ್ತದೆ, ಬೀಡಿ ಸಿಗರೇಟು ಸೇದುವವರಲ್ಲಿ ಆ ಅಪಾಯ ಹೆಚ್ಚು. ಕೆಳಗಿನ ಕೀಲೂ ಸವೆದಿದ್ದರೆ, ಅಂದರೆ ನಾಲ್ಕನೇ ಹಂತದಲ್ಲಿ, ಇದು ಹೊಂದುವುದಿಲ್ಲ.

ಕೃತಕ ಕೀಲು ಮಂಡಿಗೆ ಹಾಕುವ ಹಾಗೆ ಇಲ್ಲಿಗೂ ಇದೆ. ಗುಂಡು ಮತ್ತು ಬಟ್ಟಲಿನ ಜೋಡಿ, ಯುರೋಪಿನಲ್ಲಿ ಹೆಚ್ಚು ಬಳಕೆ. ಬೆರಳಿನ ಉದ್ದ ಉಳಿಯುತ್ತದೆ, ಕೈ ಬೇಗ ಕೆಲಸಕ್ಕೆ ಬರುತ್ತದೆ. ಸಡಿಲವಾಗುವುದು, ಜಾರುವುದು ಇದರ ತೊಂದರೆ. ಹಾಗಾದಾಗ ಅದನ್ನು ತೆಗೆದು ಟ್ರಪೀಜಿಯಂ ತೆಗೆಯುವ ಆಪರೇಷನ್ನಿಗೇ ಬರಬೇಕಾಗುತ್ತದೆ. ಭಾರದ ಕೆಲಸ ಮಾಡುವ ಕೈಗೆ ನಾನು ಇದನ್ನು ಹೇಳುವುದಿಲ್ಲ. ಮೂಳೆಯ ಜಾಗಕ್ಕೆ ಇಡುತ್ತಿದ್ದ ಹಳೆಯ ಸಿಲಿಕೋನ್ ತುಂಡುಗಳು ಸವೆದು, ಅವುಗಳ ಪುಡಿಯಿಂದ ಸುತ್ತಲೂ ಉರಿಯೂತ ಎದ್ದದ್ದರಿಂದ ಅವುಗಳನ್ನು ಬಹುತೇಕ ಬಿಟ್ಟಿದ್ದಾರೆ.

ಇದೆಲ್ಲದರ ನಡುವೆ ಮರೆತುಹೋಗುವ ಒಂದು ಸಂಗತಿ, ಹೆಬ್ಬೆರಳಿನ ನಡುವಿನ ಕೀಲು. ಬುಡ ಕುಸಿದಾಗ ಅದು ಹಿಂದಕ್ಕೆ ಬಾಗತೊಡಗುತ್ತದೆ, ಚಿವುಟುವಾಗ ಹೆಬ್ಬೆರಳು ಝಡ್ ಅಕ್ಷರದ ಹಾಗೆ ಕಾಣುತ್ತದೆ. 30 ಡಿಗ್ರಿಗಿಂತ ಹೆಚ್ಚು ಬಾಗುತ್ತಿದ್ದರೆ ಅದನ್ನೂ ಅದೇ ಆಪರೇಷನ್ನಿನಲ್ಲಿ ಬಿಗಿ ಮಾಡಬೇಕು ಅಥವಾ ಬೆಸೆಯಬೇಕಾಗಬಹುದು. ಬಿಟ್ಟರೆ ಬುಡಕ್ಕೆ ಮಾಡಿದ ಕೆಲಸ ನಿಲ್ಲುವುದಿಲ್ಲ. ‘ನಡುವಿನ ಕೀಲು ನೋಡಿದಿರಾ ಡಾಕ್ಟರೇ?’ ಎಂದು ಕೇಳಿಯೇ ಕೇಳಿ.

ಹೆಜ್ಜೆ 5: ಎಲ್ಲಿ, ಯಾವ ತಿಂಗಳಲ್ಲಿ, ಯಾವ ಕಾರ್ಡಿನಲ್ಲಿ

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಚಿಕ್ಕಮಗಳೂರಿನಲ್ಲೂ ಮೂಳೆ ವಿಭಾಗಕ್ಕೆ ಮೊದಲು ತೋರಿಸಿ. ಕೈ ಶಸ್ತ್ರಚಿಕಿತ್ಸೆಯನ್ನೇ ಮುಖ್ಯವಾಗಿ ಮಾಡುವವರು ಬೇಕಾದರೆ ಬೆಂಗಳೂರು, ಮಂಗಳೂರು, ಮಣಿಪಾಲದ ಕಡೆ ನೋಡಬೇಕಾಗುತ್ತದೆ. ಕೇಳಬೇಕಾದ ಪ್ರಶ್ನೆಗಳು: ಈ ಹೆಬ್ಬೆರಳಿನ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನನ್ನ ಕೆಲಸಕ್ಕೆ ಯಾವುದು ಸರಿ, ಯಾಕೆ? ಮಾಡಿಸದಿದ್ದರೆ ಏನಾಗುತ್ತದೆ? ಆಮೇಲಿನ ವ್ಯಾಯಾಮ ಯಾರು ಹೇಳಿಕೊಡುತ್ತಾರೆ? ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬರನ್ನು ಕೇಳಿ.

ಇದು ತುರ್ತು ಆಪರೇಷನ್ ಅಲ್ಲ, ಕಾಲ ನಿಮ್ಮ ಕೈಯಲ್ಲಿದೆ. ಕಾಫಿಯ ಮನೆಯವರಿಗೆ ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಮಾರ್ಚಿನವರೆಗೂ ಎಳೆಯುತ್ತದೆ. ಕೊಯ್ಲು ಮುಗಿದ ಕೂಡಲೇ ಮಾಡಿಸಿದರೆ ಮಳೆ ಹಿಡಿಯುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿರುತ್ತದೆ, ಮುಂದಿನ ಕೊಯ್ಲಿಗೆ ಏಳೆಂಟು ತಿಂಗಳು ಸಿಗುತ್ತದೆ. ಜೂನ್, ಜುಲೈನಲ್ಲಿ ಘಟ್ಟ ಇಳಿದು ಮಂಗಳೂರಿನಲ್ಲಿ ಮಾಡಿಸಿಕೊಂಡರೆ, ಹೊಲಿಗೆ ಬಿಚ್ಚಿಸುವ ದಿನಕ್ಕೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ರಸ್ತೆ ಮುಚ್ಚಿರಬಹುದು. ಪ್ಲಾಸ್ಟರ್ ನೆನೆಯದ ಹಾಗೆ ಮಲೆನಾಡಿನ ಮಳೆಗಾಲ ಕಳೆಯುವುದೂ ಸುಲಭವಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ (ಆ ಆಪರೇಷನ್ನಿಗೆ ಯೋಜನೆ ಗೊತ್ತುಮಾಡಿದ ದರದ) ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ನೆರವಿದೆ. ನಿಮಗೆ ಹೇಳಿದ ಆಪರೇಷನ್ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ.

ಹೆಜ್ಜೆ 6: ಆಪರೇಷನ್ನಿಗೆ ಮುಂಚೆ ಮನೆಯಲ್ಲಿ

ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬಳೆ, ಉಂಗುರ ಹಿಂದಿನ ದಿನವೇ ತೆಗೆಯಿರಿ. ಮದುವೆಯ ಉಂಗುರ ಎಂದು ಬಿಟ್ಟುಕೊಂಡರೆ ಊತ ಬಂದಾಗ ಬೆರಳಿಗೆ ರಕ್ತ ಹೋಗದೆ ಉಂಗುರವನ್ನೇ ಕತ್ತರಿಸಬೇಕಾಗುತ್ತದೆ.

ಒಂದು ಕೈಯಲ್ಲಿ ಬದುಕುವುದನ್ನು ವಾರ ಮೊದಲೇ ಅಭ್ಯಾಸ ಮಾಡಿ. ಬಲಗೈ ಆಪರೇಷನ್ ಆದರೆ ಊಟ ಎಡಗೈಯಲ್ಲಿ, ಚಮಚ ಹಿಡಿದು. ಎಡಗೈ ಆದರೆ ಯಾರೂ ಬಾಯಿಬಿಟ್ಟು ಹೇಳದ ಕಷ್ಟ, ಶೌಚದ ನಂತರ ತೊಳೆದುಕೊಳ್ಳುವುದು. ಕೈಯಲ್ಲಿ ಹಿಡಿದು ನೀರು ಬಿಟ್ಟುಕೊಳ್ಳುವ ಪೈಪಿನ ನಲ್ಲಿಯೊಂದನ್ನು ಬಲಗೈಗೆ ಸಿಗುವ ಹಾಗೆ ಮುಂಚೆಯೇ ಹಾಕಿಸಿ. ಸೀರೆ ಉಡುವವರು ಮುಂದೆ ಗುಂಡಿ ಇರುವ ಸಡಿಲ ನೈಟಿ, ತೋಳು ಅಗಲವಾದ ರವಿಕೆ ಹೊಲಿಸಿಟ್ಟುಕೊಳ್ಳಿ. ಹಸು ಇದ್ದರೆ ನಾಲ್ಕರಿಂದ ಆರು ತಿಂಗಳಿಗೆ ಕರೆಯುವವರನ್ನು ಗೊತ್ತುಮಾಡಿಯೇ ತಾರೀಕು ಕೊಡಿ.

ಹೆಜ್ಜೆ 7: ಆಪರೇಷನ್ ದಿನ ಮತ್ತು ಆಮೇಲೆ

ಸಾಮಾನ್ಯವಾಗಿ ಕಂಕುಳು ಅಥವಾ ಕತ್ತಿನ ಬುಡದಲ್ಲಿ ಚುಚ್ಚಿ ತೋಳನ್ನು ಮಾತ್ರ ಜೋಮು ಹಿಡಿಸುತ್ತಾರೆ, ಬಹಳ ಸಲ ಅದೇ ದಿನವೋ ಮಾರನೇ ದಿನವೋ ಮನೆಗೆ ಕಳಿಸುತ್ತಾರೆ. ಜೋಮು ಬಿಡುವ ಮುಂಚೆಯೇ ನೋವಿನ ಮಾತ್ರೆ ಶುರುಮಾಡಿ. ಜೋಮಿರುವ ಕೈ ಒಲೆ ಹತ್ತಿರ ಹೋಗದಿರಲಿ, ಸುಟ್ಟರೂ ತಿಳಿಯುವುದಿಲ್ಲ. ಮೊದಲ ವಾರ ಮಲಗಿದರೂ ಕೂತರೂ ಕೈ ಎದೆಗಿಂತ ಮೇಲಿರಬೇಕು, ದಿಂಬಿನ ಮೇಲಿಡಿ. ಪ್ಲಾಸ್ಟರಿನ ಹೊರಗಿರುವ ನಾಲ್ಕು ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ ಬಿಡಿಸಿ. ಭುಜವನ್ನೂ ಆಡಿಸಿ, ಇಲ್ಲದಿದ್ದರೆ ಹೆಬ್ಬೆರಳು ಸರಿಹೋಗುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ.

ಬೆರಳು ನೀಲಿಯಾದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ, ಜ್ವರ ಬಂದರೆ, ಪಟ್ಟಿಯಿಂದ ವಾಸನೆ ಅಥವಾ ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಲವು ವಾರಗಳ ನಂತರವೂ ಕೈ ಊದಿ, ಬಣ್ಣ ಬದಲಾಗಿ, ಮುಟ್ಟಿದರೆ ಉರಿಯುತ್ತಿದ್ದರೆ ಕಾಯಬೇಡಿ. ಬೇಗ ಚಿಕಿತ್ಸೆ ಶುರುವಾದರೆ ಅದು ಹತೋಟಿಗೆ ಬರುತ್ತದೆ. ಗಾಯದ ಸುತ್ತ, ಹೆಬ್ಬೆರಳಿನ ಬೆನ್ನ ಮೇಲೆ ಸ್ವಲ್ಪ ಜೋಮು ಅಥವಾ ಚುರುಚುರು ಬಹಳ ಜನರಿಗೆ ಆಗುತ್ತದೆ. ಅಲ್ಲಿ ಹಾದುಹೋಗುವ ಸಣ್ಣ ನರ ಎಳೆದಾಡಿಸಿಕೊಂಡಿರುತ್ತದೆ. ಗಾಯ ಮಾಗಿದ ಮೇಲೆ ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಟವೆಲ್ಲಿನಿಂದ ದಿನಾ ಸವರುತ್ತಾ ಬಂದರೆ ತಗ್ಗುತ್ತದೆ.

ಹೊಲಿಗೆ 10ರಿಂದ 14 ದಿನಕ್ಕೆ. ಮೂಳೆ ತೆಗೆದ ಆಪರೇಷನ್ನಿನಲ್ಲಿ ನಾಲ್ಕರಿಂದ ಆರು ವಾರ ಪ್ಲಾಸ್ಟರ್, ಬೆಸೆದಿದ್ದರೆ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುವವರೆಗೆ ಇನ್ನೂ ಹೆಚ್ಚು. ಆಮೇಲೆ ಬಿಚ್ಚಿ ಹಾಕುವ ಸ್ಪ್ಲಿಂಟ್, ದಿನಕ್ಕೆ ನಾಲ್ಕೈದು ಸಲ ವ್ಯಾಯಾಮ: ದೊಡ್ಡ ಲೋಟ ಹಿಡಿಯುವ ಹಾಗೆ ಹೆಬ್ಬೆರಳನ್ನು ಅಗಲಿಸುವುದು, ತುದಿಯನ್ನು ಒಂದೊಂದೇ ಬೆರಳ ತುದಿಗೆ ಹಗುರಾಗಿ ಮುಟ್ಟಿಸುವುದು. ಮುಟ್ಟಿಸುವುದು ಅಷ್ಟೆ, ಒತ್ತುವುದಲ್ಲ. ಚಿವುಟಿ ಹಿಡಿಯುವ ಕೆಲಸ ಎರಡು ತಿಂಗಳಾದ ಮೇಲೆ, ಅದೂ ಬಟ್ಟೆ ಕ್ಲಿಪ್ಪಿನಿಂದ ಶುರು. ಮೂರನೇ ತಿಂಗಳಿಗೆ ಅಡುಗೆ, ಬರಹ, ಹಗುರ ಪಾತ್ರೆ. ನಾಲ್ಕರಿಂದ ಆರು ತಿಂಗಳಿಗೆ ಕಾಫಿ ಹಣ್ಣು, ಹಾಲು. ಮುದ್ದೆ ತೊಳೆಸುವುದು, ಗುದ್ದಲಿ, ಕತ್ತಿ ಆರು ತಿಂಗಳ ಆಚೆಗೆ. ವರ್ಷ ತುಂಬುವವರೆಗೂ ಬಲ ಏರುತ್ತಲೇ ಇರುತ್ತದೆ. ಮೂರನೇ ತಿಂಗಳಲ್ಲಿ ಬಹಳ ಜನ ಅಳುತ್ತಾ ಬರುತ್ತಾರೆ, ‘ಮಾಡಿಸಬಾರದಿತ್ತು’ ಎಂದು. ಆಗ ನೋವು ಇನ್ನೂ ಪೂರ್ತಿ ಹೋಗಿರುವುದಿಲ್ಲ, ಬಲ ಬಂದಿರುವುದಿಲ್ಲ. ಆ ತಿಂಗಳು ಹಾಗೆಯೇ ಇರುತ್ತದೆ, ವ್ಯಾಯಾಮ ಬಿಡಬೇಡಿ.

ಬೇಲೂರಿನ ಆ ಹೆಂಗಸು ಬರೀ ಮೂಳೆ ತೆಗೆಸಿಕೊಂಡರು. ಐದನೇ ತಿಂಗಳಲ್ಲಿ ಮತ್ತೆ ಹಸುವಿನ ಪಕ್ಕ ಕೂತರು: ಮೊದಲ ವಾರ ಕರು ಕುಡಿದು ಬಿಟ್ಟ ಕೊನೆಯ ಹಾಲು ಮಾತ್ರ, ಮುಷ್ಟಿ ಹಿಡಿತದಲ್ಲಿ. ಆಮೇಲೆ ಎರಡು ತೊಟ್ಟು, ಕೈ ಬದಲಿಸುತ್ತಾ. ಎರಡೂ ಹಸುವನ್ನು ಒಬ್ಬರೇ ಕರೆಯುವಂತಾದದ್ದು ಎಂಟನೇ ತಿಂಗಳಲ್ಲಿ. ನೀವೂ ಕೆಲಸಕ್ಕೆ ಮರಳುವಾಗ ಕುಡುಗೋಲು, ಸೌಟು, ಗಿಡ ಕತ್ತರಿ ಎಲ್ಲದರ ಹಿಡಿಕೆಗೂ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಕತ್ತರಿಯಾದರೆ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಇರುವಂಥದ್ದನ್ನು ಕೊಳ್ಳಿ.